ಹೆಡ್‌ಫೋನ್‌ನಲ್ಲಿ ಎವೆ ಡೋಲುಮೇಳ: ಕೇಳುಗನ ಜಾಗ ಯಾವುದು?

ಪ್ರಶ್ನೆ: ನಾನು ಮೃದಂಗದ ವಿದ್ಯಾರ್ಥಿ. ಘಾನಾದ ಎವೆ ಜನರ ಡೋಲುಮೇಳದ ಬೈನಾರಲ್ ಮುದ್ರಣಗಳನ್ನು ಈಚೆಗೆ ಹೆಡ್‌ಫೋನ್‌ನಲ್ಲಿ ಕೇಳುತ್ತಿದ್ದೇನೆ. ಮಾಮೂಲಿ ಮುದ್ರಣಗಳಲ್ಲಿ ಕಲಸಿಹೋಗುವ ಡೋಲುಗಳು ಕೆಲವು ಬೈನಾರಲ್ ಮುದ್ರಣಗಳಲ್ಲಿ ಬಿಡಿಬಿಡಿಯಾಗಿ ಕೇಳಿಸುತ್ತವೆ, ಇನ್ನು ಕೆಲವದರಲ್ಲಿ ಕೇಳಿಸುವುದಿಲ್ಲ. ಈ ವ್ಯತ್ಯಾಸ ಏಕೆ? (ಶಿವಮೊಗ್ಗದ ಓದುಗರು)

ಉತ್ತರ: ಮನುಷ್ಯನ ತಲೆಯಷ್ಟೇ ಗಾತ್ರದ ಕೃತಕ ತಲೆಯೊಂದರ ಎರಡೂ ಕಿವಿಗಳೊಳಗೆ ಪುಟ್ಟ ಮೈಕ್‌ಗಳನ್ನಿಟ್ಟು, ಆ ಕಿವಿಗಳಿಗೆ ಬಿದ್ದ ಸದ್ದನ್ನು ಬಿದ್ದ ಹಾಗೆಯೇ ಎರಡು ಚಾನೆಲ್‌ಗಳಲ್ಲಿ ಹಿಡಿದಿಡುವುದೇ ಬೈನಾರಲ್ ಮುದ್ರಣ. ಕೆಲವರು ತಮ್ಮ ಸ್ವಂತ ಕಿವಿಗಳಲ್ಲೇ ಮೈಕ್ ಸಿಕ್ಕಿಸಿಕೊಂಡು ಮುದ್ರಿಸುವುದೂ ಉಂಟು. ಎರಡರಲ್ಲಿ ಯಾವ ಕ್ರಮವಾದರೂ ಆ ತಲೆ ಮೇಳದಿಂದ ಎಷ್ಟು ದೂರದಲ್ಲಿ, ಯಾವ ಕಡೆಗೆ ಮುಖ ಮಾಡಿಕೊಂಡಿತ್ತು ಎಂಬುದು ಒಮ್ಮೆ ತೀರ್ಮಾನವಾಯಿತೆಂದರೆ ಆಮೇಲೆ ಸ್ಟುಡಿಯೊದಲ್ಲಿ ಅದನ್ನು ಬದಲಿಸಲಾಗದು. ನೀವು ಗಮನಿಸಿದ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಆಗ್ನೇಯ ಘಾನಾ ಮತ್ತು ದಕ್ಷಿಣ ಟೋಗೊದಲ್ಲಿ ನೆಲೆಸಿರುವ ಎವೆ ಜನರ ಮೇಳದಲ್ಲಿ ಎರಡು ಬಾಯಿಗಳ ಕಬ್ಬಿಣದ ಗಂಟೆಯಾದ ಗಾಂಕೊಗುಯಿ, ಸೋರೆಬುರುಡೆಯ ಹೊರಮೈಗೆ ಮಣಿಗಳ ಬಲೆ ಹೆಣೆದ ಅಕ್ಸಾಟ್ಸೆ, ಸಣ್ಣ ಡೋಲು ಕಗಾನು, ಅದಕ್ಕಿಂತ ದೊಡ್ಡವಾದ ಕಿಡಿ ಮತ್ತು ಸೊಗೊ, ಇವೆಲ್ಲವನ್ನೂ ಮುನ್ನಡೆಸುವ ಆಳೆತ್ತರದ ಅಟ್ಸಿಮೆವು ಇರುತ್ತವೆ. ಪೋಷಕ ಡೋಲುಗಳವರು ಸಾಮಾನ್ಯವಾಗಿ ಸಾಲಾಗಿ ಕುಳಿತು ಬಾರಿಸಿದರೆ, ಆನಿಕೆಗೆ ಓರೆಯಾಗಿ ಒರಗಿಸಿದ ಅಟ್ಸಿಮೆವುವನ್ನು ಅದರ ವಾದಕ ನಿಂತೇ ನುಡಿಸುತ್ತಾನೆ. ಕಗಾನುವಿನ ಸದ್ದು ತೆಳ್ಳನೆಯ ಉದ್ದ ಕೋಲುಗಳಿಂದಾಗಿ ಹರಿತವಾಗಿರುವುದರಿಂದ ಅದನ್ನು ಎಂತಹ ಮುದ್ರಣದಲ್ಲೂ ಗುರುತಿಸಬಹುದು. ತೊಡಕಿರುವುದು ಕಿಡಿ ಮತ್ತು ಸೊಗೊಗಳ ಬಳಿ. ಇವೆರಡರ ನಾದ ಹತ್ತಿರ ಹತ್ತಿರದ್ದು. ಜೊತೆಗೆ ಕೋಲನ್ನು ಚರ್ಮದ ಮೇಲೆ ಪುಟಿಸಿ ಬಿಡುವ ಮುಕ್ತ ಪೆಟ್ಟು ಮತ್ತು ಒತ್ತಿ ಹಿಡಿಯುವ ಮುಚ್ಚಿದ ಪೆಟ್ಟು ಎರಡೂ ಸೇರಿಯೇ ಇವುಗಳ ವಾದನ ರೂಪುಗೊಳ್ಳುತ್ತದೆ. ಒಂದೇ ಸ್ಪೀಕರ್‌ನಿಂದ ಹೊರಟಾಗ ಒಂದರ ಮುಚ್ಚಿದ ಪೆಟ್ಟು ಇನ್ನೊಂದರ ಮುಕ್ತ ಪೆಟ್ಟಿನಡಿ ಹೂತುಹೋಗುತ್ತದೆ. ಅವೇ ಎರಡು ಸದ್ದುಗಳು ಬೇರೆಬೇರೆ ದಿಕ್ಕುಗಳಿಂದ ಬಂದರೆ ನಮ್ಮ ಶ್ರವಣವ್ಯವಸ್ಥೆ ಅವನ್ನು ಎರಡು ಎಳೆಗಳಾಗಿ ಬಿಡಿಸಿಕೊಳ್ಳುತ್ತದೆ.

ದಿಕ್ಕಿನ ಸುಳಿವು ಸಿಗುವುದು ಮುಖ್ಯವಾಗಿ ಎರಡು ಬಗೆಯಲ್ಲಿ: ಸದ್ದು ಒಂದು ಕಿವಿಗಿಂತ ಇನ್ನೊಂದನ್ನು ತುಸು ತಡವಾಗಿ ತಲುಪುತ್ತದೆ, ಮತ್ತು ತಲೆ ಅಡ್ಡಬರುವುದರಿಂದ ಆಚೆ ಬದಿಯ ಕಿವಿಗೆ, ಅದರಲ್ಲೂ ಏರುಕಂಪನಾಂಕಗಳಲ್ಲಿ, ಮೆತ್ತಗೆ ಕೇಳಿಸುತ್ತದೆ. ಪೂರ್ತಿ ಪಕ್ಕದಿಂದ ಬಂದ ಸದ್ದಿಗೂ ಈ ತಡ 0.65 ಮಿಲಿಸೆಕೆಂಡಿನ ಆಸುಪಾಸಿನಲ್ಲೇ ಇರುತ್ತದೆ. ಈಗ 3 ಮೀಟರ್ ಅಗಲಕ್ಕೆ ಕುಳಿತ ಮೇಳದ ನಡುಮಧ್ಯಕ್ಕೆ ಎದುರಾಗಿ 3 ಮೀಟರ್ ದೂರದಲ್ಲಿ ಕೃತಕ ತಲೆಯನ್ನಿಟ್ಟರೆಂದುಕೊಳ್ಳಿ. ಸಾಲಿನ ತುದಿಯ ಡೋಲು ನೇರ ರೇಖೆಯಿಂದ ಸುಮಾರು 27 ಡಿಗ್ರಿ ಪಕ್ಕಕ್ಕಿರುತ್ತದೆ. ಎರಡು ಕಿವಿಗಳ ನಡುವಿನ ತಡ ಕಾಲು ಮಿಲಿಸೆಕೆಂಡಿಗೆ ಸ್ವಲ್ಪ ಕಡಿಮೆ. ತಲೆಯನ್ನು ಮೇಳದಿಂದ 1 ಮೀಟರ್ ದೂರಕ್ಕೆ ತಂದರೆ ಅದೇ ಡೋಲು 56 ಡಿಗ್ರಿಗೆ ಸರಿದು, ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 10 ಮೀಟರ್ ದೂರಕ್ಕೆ ಒಯ್ದರೋ, ಇಡೀ ಮೇಳ ಎರಡೂ ಬದಿಗೆ 9 ಡಿಗ್ರಿಯೊಳಗೇ ಕುಗ್ಗಿಹೋಗುತ್ತದೆ, ಮೇಲಾಗಿ ಗೋಡೆಗಳಿಂದ ಮರಳಿ ಬರುವ ಸದ್ದು ಪೆಟ್ಟುಗಳ ಅಂಚನ್ನು ಮಸುಕಾಗಿಸುತ್ತದೆ. ಬೈನಾರಲ್ ಎಂಬ ಹಣೆಪಟ್ಟಿ ಇದ್ದೂ ನಿಮಗೆ ಡೋಲುಗಳು ಬಿಡಿಯಾಗಿ ಸಿಗದ ಮುದ್ರಣಗಳು ಹೀಗೆ ದೂರದಿಂದ ಹಿಡಿದವೇ ಇರಬೇಕೆಂದು ನನ್ನ ಊಹೆ.

ಹಾಗೆಂದು ತಲೆಯನ್ನು ಮೇಳದ ನಡುವೆಯೇ ತೂರಿಸಿಬಿಟ್ಟರೆ ಸರಿಹೋಗುತ್ತದೆ ಎನ್ನಲಾರೆ. ಆಗ ಸುತ್ತಲೂ ಡೋಲುಗಳು ಮೊಳಗುವ ರೋಮಾಂಚನವೇನೋ ಸಿಗುತ್ತದೆ, ಆದರೆ ಪಕ್ಕದಲ್ಲೇ ಇರುವ ಒಂದು ಡೋಲು ಉಳಿದೆಲ್ಲವನ್ನೂ ನುಂಗಿಹಾಕುತ್ತದೆ. ಈ ಸಂಗೀತದ ಬೆನ್ನೆಲುಬು ಗಂಟೆ. ಅಗ್ಬೆಕೊರ್ ನೃತ್ಯದ ವಾದನವನ್ನೇ ತೆಗೆದುಕೊಂಡರೆ, ಹನ್ನೆರಡು ಮಾತ್ರೆಗಳ ಆವರ್ತದಲ್ಲಿ ಗಾಂಕೊಗುಯಿ 2, 2, 1, 2, 2, 2, 1 ಎಂಬ ಅಂತರಗಳಲ್ಲಿ ಏಳು ಪೆಟ್ಟು ಹಾಕುತ್ತದೆ. ನರ್ತಕರ ಹೆಜ್ಜೆ ಮೂರು ಮೂರು ಮಾತ್ರೆಗಳ ನಾಲ್ಕು ಎಣಿಕೆಗಳಲ್ಲಿ ಸಾಗುತ್ತದೆ. ಕಗಾನು ಪ್ರತಿ ಎಣಿಕೆಯ ಮೊದಲ ಮಾತ್ರೆಯನ್ನು ಖಾಲಿ ಬಿಟ್ಟು ಎರಡನೆಯ ಮತ್ತು ಮೂರನೆಯ ಮಾತ್ರೆಗಳಲ್ಲಿ ಬೀಳುತ್ತದೆ. ತಿಶ್ರ ನಡೆಯಲ್ಲಿ ಪಳಗಿದ ನಿಮಗೆ ನಾಲ್ಕರ ಎಣಿಕೆ ಕೂಡಲೇ ಕೈಗೆ ಹತ್ತುತ್ತದೆ, ಆದರೆ ಗಂಟೆಯನ್ನು ಆ ಎಣಿಕೆಯ ಅಲಂಕಾರವೆಂದು ಭಾವಿಸಿ ಹಿನ್ನೆಲೆಗೆ ತಳ್ಳಬೇಡಿ. ಅಲ್ಲಿನ ವಾದಕರು ತಮ್ಮ ಪೆಟ್ಟುಗಳನ್ನು ಅಳೆದುಕೊಳ್ಳುವುದು ಗಂಟೆಗೇ. ಆದ್ದರಿಂದ ಗಂಟೆ ಒಂದು ಬದಿಯಲ್ಲಿ ನಿಚ್ಚಳವಾಗಿಯೂ, ಕಿಡಿ ಮತ್ತು ಸೊಗೊ ಬೇರೆ ಬೇರೆ ದಿಕ್ಕಿನಲ್ಲಿಯೂ ಕೇಳಿಸುವ ಮುದ್ರಣವನ್ನು ಆರಿಸಿಕೊಳ್ಳಿ. ಮೊದಲು ಗಂಟೆಯನ್ನು ಮಾತ್ರ ಹಿಂಬಾಲಿಸಿ, ಮುಂದಿನ ಸಲ ಅದರೊಡನೆ ಕಿಡಿಯನ್ನು ಜೋಡಿಸಿಕೊಳ್ಳಿ.

ಆಫ್ರಿಕಾದ ಬಹುಲಯ ಸಂಗೀತದ ಎಳೆಗಳನ್ನು ಬಿಡಿಸಲು ಹೆಡ್‌ಫೋನ್ ಹಿಂದೆಯೂ ನೆರವಾಗಿದೆ. ಸಂಗೀತ ಸಂಶೋಧಕ ಸಿಮ್ಹಾ ಅರೋಮ್ 1970ರ ದಶಕದಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ಮೊದಲು ಒಬ್ಬ ವಾದಕನ ಭಾಗವನ್ನು ಮುದ್ರಿಸಿ, ಅದನ್ನು ಮುಂದಿನ ವಾದಕನಿಗೆ ಹೆಡ್‌ಫೋನ್‌ನಲ್ಲಿ ಕೇಳಿಸುತ್ತ ಅವನ ಭಾಗವನ್ನು ಬೇರೆಯಾಗಿ ಹಿಡಿದರು. ವಿಶ್ಲೇಷಣೆಗೆ ಇಂದಿಗೂ ಆ ದಾರಿಯೇ ಮೇಲು. ಎಲ್ಲರೂ ಒಟ್ಟಿಗೆ ನುಡಿಸುವಾಗ ಒಬ್ಬ ಕೇಳುಗನಿಗೆ ಏನು ದಕ್ಕುತ್ತದೆ ಎಂಬುದಕ್ಕೆ ಬೈನಾರಲ್ ಮೇಲು.

ಪ್ರಶ್ನೆ: ಎದುರಿಗೆ ಇರಬೇಕಾದ ಡೋಲುಗಳು ನನಗೆ ತಲೆಯ ಹಿಂದಿನಿಂದ ಬಂದಂತೆ ಕೇಳಿಸುತ್ತವೆ. ದುಬಾರಿ ಹೆಡ್‌ಫೋನ್ ಕೊಂಡರೆ ಸರಿಹೋದೀತೇ? (ಮೈಸೂರಿನ ಓದುಗರು)

ಉತ್ತರ: ಬೆಲೆಯಿಂದ ಇದು ಪೂರ್ತಿ ಸರಿಹೋಗುವುದಿಲ್ಲ. ಹಿಂದು ಮುಂದುಗಳನ್ನು ನಾವು ಗುರುತಿಸುವುದು ಹೊರಕಿವಿಯ ಮಡಿಕೆಗಳು ಸದ್ದಿನ ಬಣ್ಣವನ್ನು ಮಾರ್ಪಡಿಸುವ ರೀತಿಯಿಂದ. ಕೃತಕ ತಲೆಯ ಕಿವಿ ನಿಮ್ಮ ಕಿವಿಯಂತಿಲ್ಲ. ಜೊತೆಗೆ ನಿಜ ಜೀವನದಲ್ಲಿ ಅನುಮಾನ ಬಂದಾಗ ತಲೆಯನ್ನು ತುಸು ಹೊರಳಿಸಿ ಖಚಿತಪಡಿಸಿಕೊಳ್ಳುತ್ತೇವೆ, ಇಲ್ಲಿ ತಲೆ ಹೊರಳಿಸಿದರೆ ಇಡೀ ಮೇಳವೇ ಜೊತೆಗೆ ಹೊರಳುತ್ತದೆ. ವಾದನದ ವಿಡಿಯೊ ಇದ್ದರೆ ನೋಡುತ್ತ ಕೇಳಿ. ಎಷ್ಟೋ ಜನರಿಗೆ ಡೋಲುಗಳು ಮುಂದಕ್ಕೆ ಬಂದು ನಿಲ್ಲುತ್ತವೆ.

ಖರ್ಚಿಲ್ಲದ ಕೆಲಸಗಳನ್ನು ಮೊದಲು ಮಾಡಿ. ಎಡ ಬಲ ಅದಲುಬದಲಾಗಿಲ್ಲವೆಂದು ನೋಡಿಕೊಳ್ಳಿ. ಫೋನಿನಲ್ಲಿ ಸ್ಪೇಷಿಯಲ್ ಆಡಿಯೊ, ಬಾಸ್ ಬೂಸ್ಟ್, ಮೊನೊ ಆಡಿಯೊ ಎಲ್ಲವನ್ನೂ ಆಫ್ ಮಾಡಿ. ಮುದ್ರಣದಲ್ಲೇ ಇರುವ ದಿಕ್ಕಿನ ಸುಳಿವಿನ ಮೇಲೆ ಫೋನು ತನ್ನದೊಂದು ಸುಳಿವನ್ನು ಹೇರಿದರೆ ಎರಡೂ ಕೆಡುತ್ತವೆ. ತೀರಾ ಹಿಂಡಿದ ಎಂಪಿ3 ಕಡತಗಳನ್ನು ಬಿಟ್ಟು ಫ್ಲ್ಯಾಕ್ ಅಥವಾ ವೇವ್ ಕಡತವನ್ನು ಹುಡುಕಿ. ಬೈನಾರಲ್ ಮುದ್ರಣವನ್ನು ಸ್ಪೀಕರ್‌ನಲ್ಲಿ ಹಾಕಿ ಅಳೆಯಬೇಡಿ, ಎಡ ಸ್ಪೀಕರ್‌ನ ಸದ್ದು ಬಲಗಿವಿಗೂ ಬೀಳುವುದರಿಂದ ಅಲ್ಲಿ ಈ ಪರಿಣಾಮ ಉಳಿಯುವುದಿಲ್ಲ. ಡೋಲಿನ ಮುದ್ರಣಕ್ಕೆ ವಾಲ್ಯೂಮ್ ಏರಿಸುವ ಚಪಲ ಎಲ್ಲರಿಗೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆಗಳಂತೆ 80 ಡೆಸಿಬೆಲ್.

ಪ್ರಶ್ನೆ: ನಿದ್ರೆಗೆಂದು ಮಾರುವ ‘ಬೈನಾರಲ್ ಬೀಟ್ಸ್’ ಇದೇ ಏನು? (ಪುಣೆಯ ಓದುಗರು)

ಉತ್ತರ: ಅಲ್ಲ. ಒಂದು ಕಿವಿಗೆ 200 ಹರ್ಟ್ಸ್, ಇನ್ನೊಂದಕ್ಕೆ 210 ಹರ್ಟ್ಸ್ ಸ್ವರ ಕೊಟ್ಟಾಗ ಸೆಕೆಂಡಿಗೆ 10 ಸಲ ಮಿಡಿದಂತೆ ಮಿದುಳಿಗೆ ಅನ್ನಿಸುವುದಕ್ಕೆ ಆ ಹೆಸರು. ಅದರ ಪರಿಣಾಮದ ಕುರಿತ ಅಧ್ಯಯನಗಳು ಒಂದೇ ಮಾತನ್ನು ಹೇಳಿಲ್ಲ. ಆಫ್ರಿಕಾದ ಡೋಲುಗಳೊಂದಿಗೆ ಇಂತಹ ಸ್ವರವನ್ನು ಬೆರೆಸಿ ಧ್ಯಾನದ ಸಂಗೀತವೆಂದು ಮಾರುವವರೂ ಇದ್ದಾರೆ. ಡೋಲನ್ನು ಕೇಳುವುದು ನಿಮ್ಮ ಉದ್ದೇಶವಾಗಿದ್ದರೆ ಅಂಥವನ್ನು ಬಿಟ್ಟುಬಿಡಿ, ಏಕೆಂದರೆ ಆ ನಿರಂತರ ಗುಂಯ್‌ಗುಡುವಿಕೆ ಮೊದಲು ಮುಚ್ಚಿಹಾಕುವುದು ಸೊಗೊದ ಮೆತ್ತನೆಯ ಪೆಟ್ಟುಗಳನ್ನೇ.