‘ನಾಶಪಡಿಸುತ್ತದೆ’ ಎಂಬ ಒಂದೇ ಕ್ರಿಯಾಪದ ಸಾಲದು

ಮಾನ್ಯರೇ,

‘ಬ್ಯಾಕ್ಟೀರಿಯಾ ವಿಷಗಳು: ದೇಹದೊಳಗಿನ ಮಹಾಯುದ್ಧ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ಒಂದು ಸಾಲಿನ ವಿಷಾದ ಪತ್ರ ಬರೆದು ಹಿಂದಿರುಗಿಸಲು ಮನಸ್ಸು ಒಪ್ಪಲಿಲ್ಲ. ನೀವು ಬಹಳಷ್ಟು ಓದಿಕೊಂಡು ಬರೆದಿದ್ದೀರಿ ಎಂಬುದು ಪುಟಪುಟದಲ್ಲೂ ಕಾಣುತ್ತದೆ. ಲೇಖನವನ್ನು ಕೆಡಿಸಿರುವ ದೋಷವೂ ತಿದ್ದಿಕೊಳ್ಳಬಹುದಾದದ್ದೇ ಆಗಿದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ನೀವು ಐದು ವಿಷಗಳನ್ನು ಎತ್ತಿಕೊಂಡಿದ್ದೀರಿ: ಡಿಫ್ತೀರಿಯಾ, ಕಾಲರಾ, ಧನುರ್ವಾಯು, ಬಾಟುಲಿನಮ್ (ಕೆಟ್ಟ ಆಹಾರದಲ್ಲಿ ಸೇರಬಹುದಾದ ವಿಷ) ಮತ್ತು ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಆಲ್ಫಾ ವಿಷ. ಐದಕ್ಕೂ ನೀವು ಬರೆದಿರುವ ಮುಖ್ಯ ವಾಕ್ಯ ಒಂದೇ: ‘ಈ ವಿಷವು ಜೀವಕೋಶಗಳ ಮೇಲೆ ದಾಳಿ ಮಾಡಿ ಅವುಗಳನ್ನು ನಾಶಪಡಿಸುತ್ತದೆ.’ ಹೆಸರನ್ನು ಬದಲಿಸಿದರೆ ಒಂದರ ವಿವರಣೆಯನ್ನು ಇನ್ನೊಂದರ ಜಾಗದಲ್ಲಿ ಇಡಬಹುದು, ಓದುಗರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಇದು ಕೇವಲ ಶೈಲಿಯ ದೋಷವಾಗಿದ್ದರೆ ನಾನೇ ತಿದ್ದಿ ಅಚ್ಚಿಗೆ ಕಳುಹಿಸುತ್ತಿದ್ದೆ. ಆದರೆ ನಿಮ್ಮ ಐದರಲ್ಲಿ ಮೂರು ವಿಷಗಳು, ಅಂದರೆ ಕಾಲರಾ, ಧನುರ್ವಾಯು ಮತ್ತು ಬಾಟುಲಿನಮ್ ವಿಷಗಳು, ರೋಗ ತರುವುದು ಜೀವಕೋಶವನ್ನು ಕೊಂದು ಅಲ್ಲ. ಅವು ಬದುಕಿರುವ ಕೋಶದ ಒಂದು ಕೆಲಸವನ್ನು ಕೆಡಿಸುತ್ತವೆ, ಕೋಶ ಬದುಕಿಯೇ ಇರುತ್ತದೆ. ಯಾವ ಕೆಲಸ, ಎಲ್ಲಿ, ಹೇಗೆ ಕೆಟ್ಟಿತು ಎಂಬುದೇ ಈ ವಿಷಯದ ತಿರುಳು, ಮತ್ತು ‘ನಾಶ’ ಎಂಬ ಮಾತು ಅದನ್ನೇ ಮುಚ್ಚಿಹಾಕಿದೆ.

ಕಾಲರಾವನ್ನೇ ನೋಡಿ. ಕಾಲರಾ ಬ್ಯಾಕ್ಟೀರಿಯಾ ಸಣ್ಣ ಕರುಳಿನ ಒಳಮೈಗೆ ಅಂಟಿಕೊಂಡು ನಿಲ್ಲುತ್ತದೆಯೇ ಹೊರತು ಕೋಶದೊಳಕ್ಕೆ ನುಗ್ಗುವುದಿಲ್ಲ. ಒಳಗೆ ಹೋಗುವುದು ಅದು ಸ್ರವಿಸುವ ಪ್ರೋಟೀನು. ಆ ಪ್ರೋಟೀನಿನಲ್ಲಿ ಉಂಗುರದಂತೆ ಜೋಡಿಸಿಕೊಂಡ ಐದು ಬಿ ಘಟಕಗಳೂ ಅವುಗಳ ಮೇಲೆ ಕುಳಿತ ಒಂದು ಎ ಘಟಕವೂ ಇವೆ. ಬಿ ಘಟಕಗಳು ಕೋಶಪೊರೆಯಲ್ಲಿರುವ ಜಿಎಂ1 ಎಂಬ ಕೊಬ್ಬು-ಸಕ್ಕರೆ ಅಣುವನ್ನು ಹಿಡಿದುಕೊಳ್ಳುತ್ತವೆ, ಕೋಶ ಅದನ್ನು ಪೊರೆಯ ಸಣ್ಣ ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ, ಮತ್ತು ವಿಷವು ಕೋಶ ತನ್ನ ಪ್ರೋಟೀನುಗಳನ್ನು ಹೊರಗೆ ಸಾಗಿಸುವ ದಾರಿಯಲ್ಲೇ ಹಿಮ್ಮುಖವಾಗಿ ಸಾಗಿ, ಆ ಪ್ರೋಟೀನುಗಳು ಮಡಿಚಿಕೊಳ್ಳುವ ಒಳಜಾಲದವರೆಗೆ ತಲುಪುತ್ತದೆ. ಅಲ್ಲಿ, ಸರಿಯಾಗಿ ಮಡಿಚಿಕೊಳ್ಳದ ಪ್ರೋಟೀನುಗಳನ್ನು ಕೋಶವು ಹೊರದಬ್ಬುವ ಬಾಗಿಲಿನ ಮೂಲಕ, ಎ ಘಟಕದ ಒಂದು ತುಂಡು ಕೋಶದ್ರವಕ್ಕೆ ಜಾರಿಕೊಳ್ಳುತ್ತದೆ. ಆಮೇಲೆ ಅದು ಮಾಡುವುದು ಒಂದೇ ಕೆಲಸ: ಸಂದೇಶ ಬಂದಾಗ ಚಾಲೂ ಆಗಿ ಮತ್ತೆ ತಾನೇ ಆರಿಕೊಳ್ಳಬೇಕಾದ ಒಂದು ಜಿ-ಪ್ರೋಟೀನಿಗೆ ಸಣ್ಣ ರಾಸಾಯನಿಕ ತುಣುಕೊಂದನ್ನು ಅಂಟಿಸಿ, ಅದು ಆರದಂತೆ ಮಾಡುತ್ತದೆ. ಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣು ಏರುತ್ತಲೇ ಹೋಗುತ್ತದೆ, ಕ್ಲೋರೈಡ್ ಕಾಲುವೆಗಳು ತೆರೆದೇ ಇರುತ್ತವೆ, ಲವಣ ಕರುಳಿಗೆ ಸುರಿಯುತ್ತದೆ, ಅದರ ಹಿಂದೆ ನೀರು ಹರಿಯುತ್ತದೆ. ತೀವ್ರ ಕಾಲರಾದಲ್ಲಿ ಗಂಟೆಗೆ ಒಂದು ಲೀಟರಿನಷ್ಟು ನೀರು ಹೀಗೆ ಹೋಗಬಹುದು.

ನಿಮ್ಮ ವಾಕ್ಯ ನಿಜವಾಗಿದ್ದು, ಆ ಕೋಶಗಳು ನಾಶವಾಗಿಯೇ ಹೋಗಿದ್ದರೆ, ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಿ ಕಾಲರಾ ರೋಗಿಯನ್ನು ಉಳಿಸುವುದು ಸಾಧ್ಯವೇ ಆಗುತ್ತಿರಲಿಲ್ಲ. ಗ್ಲೂಕೋಸ್ ಮತ್ತು ಸೋಡಿಯಮ್ಮನ್ನು ಜೊತೆಯಾಗಿ ಒಳಗೆಳೆದುಕೊಳ್ಳುವ ಸಾಗಣೆಯ ಪ್ರೋಟೀನು ಆ ಕೋಶಗಳಲ್ಲಿ ಕೆಡದೆ ಉಳಿದಿರುವುದರಿಂದಲೇ ಓಆರ್‌ಎಸ್ ಕೆಲಸ ಮಾಡುತ್ತದೆ. ನೀವು ಕೊನೆಯ ಪುಟದಲ್ಲಿ ಓಆರ್‌ಎಸ್ ಅನ್ನು ಹೊಗಳಿದ್ದೀರಿ, ಎರಡನೆಯ ಪುಟದಲ್ಲಿ ಅದು ಕೆಲಸ ಮಾಡಲು ಬೇಕಾದ ಕೋಶಗಳನ್ನೆಲ್ಲ ಕೊಂದಿದ್ದೀರಿ. ಎರಡು ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದ್ದರೆ ಈ ವಿರೋಧ ನಿಮಗೇ ಕಾಣಿಸುತ್ತಿತ್ತು.

ಇದೇ ಭಾಗದಲ್ಲಿ ಕಾಲರಾ ವಿಷವನ್ನು ಕಂಡುಹಿಡಿದವರು ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಎಂದು ಬರೆದಿದ್ದೀರಿ. ಕಾಖ್ 1884ರಲ್ಲಿ ಅಂಥದೊಂದು ವಿಷ ಇರಬೇಕೆಂದು ಊಹಿಸಿದ್ದು ನಿಜ. ಪ್ರಯೋಗದಿಂದ ತೋರಿಸಿಕೊಟ್ಟವರು ಕೋಲ್ಕತ್ತಾದ ಶಂಭುನಾಥ ಡೇ. ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ಬದಿಯಲ್ಲಿ ಕಟ್ಟಿ, ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ದ್ರವವನ್ನಷ್ಟೇ ಅದರೊಳಗೆ ಬಿಟ್ಟು, ಕರುಳು ನೀರಿನಿಂದ ಉಬ್ಬುವುದನ್ನು ಅವರು ತೋರಿಸಿದರು. ಆ ಲೇಖನ ‘ನೇಚರ್’ ಪತ್ರಿಕೆಯಲ್ಲಿ 1959ರಲ್ಲಿ ಬಂತು. ಎಪ್ಪತ್ತೈದು ವರ್ಷ ಊಹೆಯಾಗಿಯೇ ಉಳಿದಿದ್ದ ಮಾತನ್ನು ಇಷ್ಟು ಸರಳವಾದ ಪ್ರಯೋಗದಿಂದ ನಿರ್ಧರಿಸಿದವರ ಹೆಸರನ್ನು ಬಿಟ್ಟು ಈ ಕಥೆಯನ್ನು ಹೇಳಲಾಗದು. ಸೇರಿಸಿ.

ಇನ್ನು ಧನುರ್ವಾಯು ಮತ್ತು ಬಾಟುಲಿನಮ್. ನಿಮ್ಮ ಲೇಖನದಲ್ಲಿ ನನಗೆ ಅತಿ ಹೆಚ್ಚು ನೋವಾದದ್ದು ಇಲ್ಲಿ, ಏಕೆಂದರೆ ಇಡೀ ವಿಷಯದಲ್ಲೇ ಅಚ್ಚರಿಯ ಸಂಗತಿಯೊಂದು ನಿಮ್ಮ ಕೈಯಲ್ಲಿತ್ತು, ಅದನ್ನು ನೀವು ಗಮನಿಸದೆ ದಾಟಿ ಹೋಗಿದ್ದೀರಿ. ಎರಡು ಪ್ಯಾರಾಗಳಲ್ಲೂ ‘ನರಮಂಡಲವನ್ನು ನಾಶಪಡಿಸುತ್ತದೆ’ ಎಂದಿದ್ದೀರಿ. ಎರಡೂ ನರಕೋಶವನ್ನು ಕೊಲ್ಲುವುದರಿಂದ ರೋಗ ತರುವುದಿಲ್ಲ. ಎರಡೂ ಸತುವನ್ನು ಹಿಡಿದಿಟ್ಟುಕೊಂಡ ಕತ್ತರಿಗಳು, ಅಂದರೆ ಪ್ರೋಟೀನನ್ನು ತುಂಡರಿಸುವ ಕಿಣ್ವಗಳು. ನರಕೋಶದ ತುದಿಯಲ್ಲಿ ಸಂದೇಶದ ರಾಸಾಯನಿಕವನ್ನು ತುಂಬಿಕೊಂಡ ಸಣ್ಣ ಚೀಲಗಳಿರುತ್ತವೆ. ಆ ಚೀಲ ಹೊರಪೊರೆಗೆ ಸೇರಿಕೊಂಡು ತೆರೆದುಕೊಳ್ಳಲು ಸಿನಾಪ್ಟೊಬ್ರೆವಿನ್ ಎಂಬ ಪ್ರೋಟೀನು ಬೇಕು. ಧನುರ್ವಾಯು ವಿಷವೂ ಬಿ ಬಗೆಯ ಬಾಟುಲಿನಮ್ ವಿಷವೂ ಈ ಒಂದೇ ಪ್ರೋಟೀನನ್ನು ಒಂದೇ ಬಿಂದುವಿನಲ್ಲಿ ಕತ್ತರಿಸುತ್ತವೆ ಎಂಬುದು 1992ರಲ್ಲಿ ತಿಳಿದುಬಂತು. ಹೀಗಿದ್ದರೂ ಒಂದರಲ್ಲಿ ಸ್ನಾಯುಗಳು ಸೆಟೆದುಕೊಂಡು ದೇಹ ಬಿಲ್ಲಿನಂತೆ ಬಾಗುತ್ತದೆ (ಕನ್ನಡದ ಹೆಸರೇ ಅದನ್ನು ಹೇಳುತ್ತದೆ), ಇನ್ನೊಂದರಲ್ಲಿ ರೆಪ್ಪೆ ಎತ್ತಲೂ ಆಗದಷ್ಟು ಸ್ನಾಯುಗಳು ಸಡಿಲವಾಗುತ್ತವೆ. ಕತ್ತರಿಯೂ ಒಂದೇ, ಕತ್ತರಿಸಿದ ದಾರವೂ ಒಂದೇ ಆಗಿರುವಾಗ ರೋಗಗಳು ಒಂದಕ್ಕೊಂದು ತದ್ವಿರುದ್ಧವಾದದ್ದು ಹೇಗೆ?

ಉತ್ತರ ಇರುವುದು ಸ್ಥಳದಲ್ಲಿ. ಬಾಟುಲಿನಮ್ ವಿಷ ಸ್ನಾಯುವನ್ನು ಮುಟ್ಟುವ ನರದ ತುದಿಯಲ್ಲೇ ಉಳಿದು, ಸ್ನಾಯುವಿಗೆ ‘ಸಂಕುಚಿಸು’ ಎಂದು ಹೇಳುವ ಅಸಿಟೈಲ್‌ಕೋಲೀನ್ ಹೊರಬರದಂತೆ ತಡೆಯುತ್ತದೆ. ಧನುರ್ವಾಯು ವಿಷವೂ ಅದೇ ತುದಿಯಲ್ಲಿ ಒಳಸೇರುತ್ತದೆ, ಆದರೆ ಅಲ್ಲಿ ನಿಲ್ಲದೆ ನರತಂತುವಿನ ಉದ್ದಕ್ಕೂ ಬೆನ್ನುಹುರಿಯವರೆಗೆ ಸಾಗಿ, ಅಲ್ಲಿ ಪಕ್ಕದ ಇನ್ನೊಂದು ಬಗೆಯ ನರಕೋಶಕ್ಕೆ ದಾಟಿಕೊಳ್ಳುತ್ತದೆ. ಆ ನರಕೋಶದ ಕೆಲಸ ‘ಸಾಕು, ನಿಲ್ಲಿಸು’ ಎಂದು ಹೇಳುವುದು. ತಡೆಯುವ ಮಾತನ್ನೇ ತಡೆದ ಮೇಲೆ ಸ್ನಾಯು ಸೆಟೆದುಕೊಳ್ಳದೆ ಇನ್ನೇನು ಮಾಡೀತು? ಈ ಎರಡು ಪ್ಯಾರಾಗಳನ್ನು ಒಂದುಗೂಡಿಸಿ ಬರೆಯಿರಿ. ಓದುಗರ ಮುಂದೆ ಮೊದಲು ಪ್ರಶ್ನೆಯನ್ನಿಡಿ, ಅವರು ಒಂದು ಕ್ಷಣ ಯೋಚಿಸುವಷ್ಟು ಅವಕಾಶ ಕೊಟ್ಟು ಆಮೇಲೆ ಬೆನ್ನುಹುರಿಗೆ ಕರೆದೊಯ್ಯಿರಿ.

ಡಿಫ್ತೀರಿಯಾದ ವಿಷಯದಲ್ಲಿ ನಿಮ್ಮ ಕ್ರಿಯಾಪದ ಸರಿ: ಅದು ಕೋಶವನ್ನು ಕೊಲ್ಲುತ್ತದೆ. ಆದರೆ ಕೊಲ್ಲುವ ಬಗೆಯನ್ನು ನೀವು ಹೇಳಿಲ್ಲ. ವಿಷದ ಬಿ ತುಂಡು ಕೋಶದ ಮೇಲ್ಮೈಯ ಗ್ರಾಹಕವೊಂದನ್ನು ಹಿಡಿಯುತ್ತದೆ, ಕೋಶ ಅದನ್ನು ಚೀಲದೊಳಗೆ ಎಳೆದುಕೊಂಡು ಆ ಚೀಲವನ್ನು ಆಮ್ಲೀಯಗೊಳಿಸುತ್ತದೆ, ಮತ್ತು ಒಳಬಂದದ್ದನ್ನು ಜೀರ್ಣಿಸುವ ದಾರಿಯಲ್ಲಿ ಕೋಶ ಹಾಕಿದ ಆ ಆಮ್ಲವೇ ವಿಷದ ಆಕಾರವನ್ನು ಬದಲಿಸಿ, ಚೀಲದ ಪೊರೆಯನ್ನು ದಾಟಲು ಎ ತುಂಡಿಗೆ ದಾರಿ ಮಾಡಿಕೊಡುತ್ತದೆ. ಹೊರಬಂದ ಎ ತುಂಡು, ರೈಬೋಸೋಮಿನಲ್ಲಿ ಪ್ರೋಟೀನು ಒಂದೊಂದೇ ಹೆಜ್ಜೆ ಬೆಳೆಯಲು ಬೇಕಾದ ಇಎಫ್-2 ಎಂಬ ಅಂಶಕ್ಕೆ ಒಂದು ತುಣುಕನ್ನು ಅಂಟಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಕಾಲರಾ ವಿಷ ಅಂಟಿಸುವುದೂ ಇದೇ ತುಣುಕನ್ನೇ. ರಸಾಯನಕ್ರಿಯೆ ಒಂದೇ, ಅದಕ್ಕೆ ಸಿಕ್ಕ ಪ್ರೋಟೀನು ಬೇರೆ. ಆದ್ದರಿಂದ ಒಂದು ಕೋಶ ಉತ್ಪಾದನೆ ನಿಂತು ಸಾಯುತ್ತದೆ, ಇನ್ನೊಂದು ನೀರು ಸುರಿಸುತ್ತಲೇ ಬದುಕಿರುತ್ತದೆ. ಮತ್ತು ವಿಷವು ಕಿಣ್ವವಾಗಿರುವುದರಿಂದ ಒಂದು ಅಣುವನ್ನು ಕೆಡಿಸಿದ ಮೇಲೆ ತಾನು ಮುಗಿದುಹೋಗದೆ ಮುಂದಿನದಕ್ಕೆ ಹೋಗುತ್ತದೆ. ಎ ತುಂಡಿನ ಒಂದೇ ಒಂದು ಅಣು ಒಂದು ಕೋಶವನ್ನು ಕೊಲ್ಲಲು ಸಾಕು ಎಂದು 1978ರಲ್ಲಿ ಪ್ರಯೋಗದಿಂದ ತಿಳಿಯಿತು. ನೀವು ‘ಅತ್ಯಂತ ಭಯಾನಕ’, ‘ಅತಿ ಘೋರ’ ಎಂದು ಬಳಸಿದ ವಿಶೇಷಣಗಳೆಲ್ಲ ಸೇರಿದರೂ ಈ ಒಂದು ಸಂಗತಿಯ ತೂಕಕ್ಕೆ ಬರುವುದಿಲ್ಲ.

ನಾಲ್ಕನೆಯ ಪುಟದ ನಡುವೆ ನೀವೊಂದು ಪ್ರಶ್ನೆ ಬರೆದಿದ್ದೀರಿ: ‘ಗಂಟಲಲ್ಲೇ ಕುಳಿತ ರೋಗಾಣು ಹೃದಯವನ್ನು ಹೇಗೆ ಮುಟ್ಟಿತು?’ ಇಡೀ ಲೇಖನದ ಅತ್ಯುತ್ತಮ ವಾಕ್ಯ ಇದೇ. 1884ರಲ್ಲಿ ಜರ್ಮನಿಯ ವಿಜ್ಞಾನಿ ಲೋಫ್ಲರ್ ಅವರನ್ನು ಕಾಡಿದ್ದೂ ಇದೇ ಪ್ರಶ್ನೆ: ಡಿಫ್ತೀರಿಯಾದಿಂದ ಸತ್ತವರ ಗಂಟಲಿನ ಪೊರೆಯಲ್ಲಿ ಬ್ಯಾಕ್ಟೀರಿಯಾ ಸಿಗುತ್ತಿತ್ತು, ಹಾನಿಗೊಂಡ ದೂರದ ಅಂಗಗಳಲ್ಲಿ ಸಿಗುತ್ತಿರಲಿಲ್ಲ. ನಾಲ್ಕು ವರ್ಷಗಳ ಬಳಿಕ, 1888ರಲ್ಲಿ, ಪ್ಯಾರಿಸ್ಸಿನಲ್ಲಿ ರೂ ಮತ್ತು ಯೆರ್ಸಿನ್ ಎಂಬ ವಿಜ್ಞಾನಿಗಳು ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಬ್ಯಾಕ್ಟೀರಿಯಾ ಇಲ್ಲದ ಆ ದ್ರವವೇ ಪ್ರಾಣಿಗಳನ್ನು ಕೊಲ್ಲುತ್ತದೆ ಎಂದು ತೋರಿಸಿದರು. ನೀವು ಪ್ರಶ್ನೆ ಕೇಳಿ, ಉತ್ತರಿಸದೆ, ಮುಂದಿನ ಸಾಲಿನಲ್ಲೇ ಮತ್ತೆ ಯುದ್ಧಕ್ಕೆ ಮರಳಿದ್ದೀರಿ.

ಸ್ಟ್ಯಾಫಿಲೊಕಾಕಸ್ ಬಗ್ಗೆ ಬರೆಯುವಾಗ ‘ಜೀವಕೋಶದ ಗೋಡೆಯನ್ನು ಒಡೆಯುತ್ತದೆ’ ಎಂದಿದ್ದೀರಿ. ನಮ್ಮ ಕೋಶಗಳಿಗೆ ಗೋಡೆ ಇಲ್ಲ, ಪೊರೆ ಮಾತ್ರ ಇದೆ; ಕೋಶಭಿತ್ತಿ ಇರುವುದು ಸಸ್ಯ, ಶಿಲೀಂಧ್ರ ಮತ್ತು ಬಹುಪಾಲು ಬ್ಯಾಕ್ಟೀರಿಯಾಗಳಿಗೆ. ಆಲ್ಫಾ ವಿಷದ ಏಳು ಅಣುಗಳು ಪೊರೆಯ ಮೇಲೆ ಉಂಗುರವಾಗಿ ಕೂಡಿ ಒಂದು ರಂಧ್ರವನ್ನು ಕಟ್ಟುತ್ತವೆ. ಒಡೆಯುವುದಲ್ಲ, ಕಟ್ಟುವುದು: ಆ ಮಾತಿನಲ್ಲಿರುವ ನಿಖರತೆಯನ್ನು ಗಮನಿಸಿ. ರಂಧ್ರದಿಂದ ಪೊಟ್ಯಾಸಿಯಮ್ ಹೊರಸೋರುತ್ತದೆ, ಕ್ಯಾಲ್ಸಿಯಮ್ ಒಳನುಗ್ಗುತ್ತದೆ. ರಂಧ್ರಗಳು ಕಡಿಮೆಯಿದ್ದರೆ ಕೋಶ ಪೊರೆಯನ್ನು ದುರಸ್ತಿ ಮಾಡಿಕೊಂಡು ಬದುಕಬಹುದು. ಪೊಟ್ಯಾಸಿಯಮ್ ಸೋರಿಕೆಯೇ ಉರಿಯೂತದ ಎಚ್ಚರಿಕೆಯನ್ನೂ ಹೊಡೆಯುತ್ತದೆ. ನಿಮ್ಮ ಲೇಖನದಲ್ಲಿ ಕೋಶವು ಏಟು ತಿನ್ನುವ ಜಡವಸ್ತುವಾಗಿದೆ. ಅದು ಪ್ರತಿಕ್ರಿಯಿಸುತ್ತದೆ ಎಂಬುದನ್ನು ಎಲ್ಲಾದರೂ ಒಂದು ಕಡೆ ತೋರಿಸಲೇಬೇಕು.

ಎಂಡೊಟಾಕ್ಸಿನ್ ಬಗ್ಗೆ ಒಂದೇ ಮಾತು. ಅದು ಸ್ರವಿಸಿದ ಪ್ರೋಟೀನಲ್ಲ, ಗ್ರಾಮ್-ಋಣ ಎಂಬ ಗುಂಪಿನ ಬ್ಯಾಕ್ಟೀರಿಯಾದ ಹೊರಪೊರೆಯದೇ ಭಾಗ, ಮತ್ತು ಅದರಿಂದಾಗುವ ಹಾನಿಯ ಬಹುಪಾಲು ಅದನ್ನು ಗುರುತಿಸಿದ ನಮ್ಮ ದೇಹದ ಮಿತಿಮೀರಿದ ಪ್ರತಿಕ್ರಿಯೆಯಿಂದ ಬರುತ್ತದೆ. ‘ಕುದಿಸಿದರೆ ಎಲ್ಲ ವಿಷಗಳೂ ಹೋಗುತ್ತವೆ’ ಎಂಬ ವಾಕ್ಯವನ್ನು ತೆಗೆದುಹಾಕಿ: ಬಾಟುಲಿನಮ್ ವಿಷ ಕುದಿತಕ್ಕೆ ಕೆಡುತ್ತದೆ, ಆದರೆ ಎಂಡೊಟಾಕ್ಸಿನ್ ಕೆಡುವುದಿಲ್ಲ, ಆಹಾರವನ್ನು ವಿಷವಾಗಿಸುವ ಸ್ಟ್ಯಾಫಿಲೊಕಾಕಸ್‌ನ ಎಂಟರೊಟಾಕ್ಸಿನ್ ಕೂಡ ಕುದಿತವನ್ನು ತಡೆದುಕೊಳ್ಳುತ್ತದೆ.

ನಾನು ಯಾವ ಕಾರಣಕ್ಕೂ ಅಚ್ಚು ಮಾಡಲಾರದ ವಾಕ್ಯ ಕೊನೆಯ ಪುಟದಲ್ಲಿದೆ: ‘ಆ್ಯಂಟಿಬಯೋಟಿಕ್ ಕೊಟ್ಟ ಕೂಡಲೇ ವಿಷವೂ ನಾಶವಾಗುತ್ತದೆ.’ ಆ್ಯಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು; ಈಗಾಗಲೇ ಹೊರಬಂದಿರುವ ವಿಷ ಅದರಿಂದ ಹೋಗುವುದಿಲ್ಲ. ಡಿಫ್ತೀರಿಯಾಕ್ಕೆ ಪ್ರತಿವಿಷವನ್ನೂ ಕೊಡುವುದು ಆದ್ದರಿಂದಲೇ, ಮತ್ತು ಪ್ರತಿವಿಷ ಕೂಡ ರಕ್ತದಲ್ಲಿ ತಿರುಗುತ್ತಿರುವ ವಿಷವನ್ನು ಹಿಡಿಯಬಲ್ಲದೇ ಹೊರತು ಕೋಶದೊಳಗೆ ಸೇರಿದ್ದನ್ನು ಅಲ್ಲ. ತಡಮಾಡದೆ ಕೊಡಬೇಕೆಂದು ವೈದ್ಯರು ಹೇಳುವುದು ಇದಕ್ಕೇ. ಶಿಗಾ ಎಂಬ ವಿಷ ಉತ್ಪಾದಿಸುವ ಇ. ಕೊಲೈ ಬ್ಯಾಕ್ಟೀರಿಯಾದ ಸೋಂಕಿನಲ್ಲಂತೂ ಕೆಲವು ಆ್ಯಂಟಿಬಯೋಟಿಕ್‌ಗಳು ವಿಷದ ಬಿಡುಗಡೆಯನ್ನು ಹೆಚ್ಚಿಸಬಹುದು, ಏಕೆಂದರೆ ಆ ವಿಷದ ಜೀನು ಬ್ಯಾಕ್ಟೀರಿಯಾದೊಳಗೆ ಅಡಗಿರುವ ವೈರಸ್ ಒಂದರಲ್ಲಿದೆ, ಬ್ಯಾಕ್ಟೀರಿಯಾಕ್ಕೆ ಹಾನಿಯಾದಾಗ ಆ ವೈರಸ್ ಎಚ್ಚರಗೊಳ್ಳುತ್ತದೆ. ಮನೆಯಲ್ಲಿ ರೋಗಿಯಿರುವ ಒಬ್ಬರು ನಿಮ್ಮ ಆ ಸಾಲನ್ನು ಓದಿ ನೆಮ್ಮದಿಯಿಂದ ಕಾದು ಕುಳಿತರೆ ಏನಾದೀತು ಎಂದು ಯೋಚಿಸಿ.

ಪದಗಳ ಬಗ್ಗೆ: ‘ವಿಷಾಣು’ ಎಂಬುದನ್ನು ಕೆಲವೆಡೆ ಬ್ಯಾಕ್ಟೀರಿಯಾಕ್ಕೂ ಕೆಲವೆಡೆ ವಿಷಕ್ಕೂ ಬಳಸಿದ್ದೀರಿ. ಕನ್ನಡದಲ್ಲಿ ಅದೇ ಪದವನ್ನು ವೈರಸ್‌ಗೂ ಬಳಸುವವರಿದ್ದಾರೆ. ಅದನ್ನು ಪೂರ್ತಿ ಬಿಟ್ಟು, ಬ್ಯಾಕ್ಟೀರಿಯಾ, ವಿಷ, ವೈರಸ್ ಎಂದು ಮೂರನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಿ. ‘ಮನುಷ್ಯನನ್ನು ಕೊಲ್ಲುವುದೇ ಇವುಗಳ ಗುರಿ’ ಎಂಬ ಮಾತೂ ಬೇಡ. ಧನುರ್ವಾಯುವಿನ ಬ್ಯಾಕ್ಟೀರಿಯಾ ಮಣ್ಣಿನಲ್ಲಿರುವಂಥದು. ಡಿಫ್ತೀರಿಯಾದ್ದು ಸುತ್ತ ಕಬ್ಬಿಣಾಂಶ ಕಡಿಮೆಯಾದಾಗ ವಿಷ ಉತ್ಪಾದಿಸುತ್ತದೆ. ಗುರಿಯನ್ನು ಆರೋಪಿಸುವ ಬದಲು ಇಂಥ ಸನ್ನಿವೇಶವನ್ನು ಹೇಳಿದರೆ ಓದುಗರಿಗೆ ಕಾರಣ ಸಿಗುತ್ತದೆ.

ಹೊಸ ಕರಡಿನಲ್ಲಿ ಐದು ವಿಷಗಳು ಬೇಡ. ಡಿಫ್ತೀರಿಯಾ, ಕಾಲರಾ, ಮತ್ತು ಧನುರ್ವಾಯು-ಬಾಟುಲಿನಮ್ ಜೋಡಿ ಸಾಕು. ಯುದ್ಧ, ಸೇನೆ, ದಾಳಿ, ಕೋಟೆ ಎಂಬ ಪದಗಳನ್ನು ಒಮ್ಮೆ ಪೂರ್ತಿಯಾಗಿ ಹೊಡೆದುಹಾಕಿ, ಖಾಲಿಯಾದ ಪ್ರತಿಯೊಂದು ಜಾಗದಲ್ಲೂ ಆ ವಿಷ ನಿಜವಾಗಿ ಮಾಡುವ ಕೆಲಸದ ಕ್ರಿಯಾಪದವನ್ನು ಹುಡುಕಿ ಇಡಿ: ಹಿಡಿಯುತ್ತದೆ, ಅಂಟಿಸುತ್ತದೆ, ಕತ್ತರಿಸುತ್ತದೆ, ತಡೆಯುತ್ತದೆ. ಮೊದಲ ಸಾಲಾಗಿ ನಿಮ್ಮದೇ ನಾಲ್ಕನೆಯ ಪುಟದ ಪ್ರಶ್ನೆಯನ್ನು ಇಟ್ಟುಕೊಳ್ಳಿ. ಲೇಖನ ಪೂರ್ತಿಯಾಗುವವರೆಗೆ ಕಾಯಬೇಕಿಲ್ಲ; ಡಿಫ್ತೀರಿಯಾದ ಭಾಗ ಮುಗಿದ ಕೂಡಲೇ ಅದಷ್ಟನ್ನೇ ಕಳುಹಿಸಿ, ಓದಿ ಬರೆಯುತ್ತೇನೆ.

ಇತಿ,
ಸಂಪಾದಕ