ನಾಲಿಗೆಯ ಸಿಹಿ, ರಕ್ತದ ಸಕ್ಕರೆ: ಒಂದು ಆಪ್ತಸಲಹೆ ಪ್ರಕರಣ

ಗುರುತು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. 62 ವರ್ಷದ ನಿವೃತ್ತ ಶಿಕ್ಷಕರೊಬ್ಬರನ್ನು ಅವರ ಪತ್ನಿ ನನ್ನಲ್ಲಿಗೆ ಕರೆತಂದರು. ಮೇಷ್ಟ್ರು ಎರಡು ತಿಂಗಳಿಂದ ಮಧುಮೇಹದ ಮಾತ್ರೆಗಳನ್ನು ಬಿಟ್ಟು, ಹಿತ್ತಲ ಬೇಲಿಗೆ ಹಬ್ಬಿಸಿದ ಮಧುನಾಶಿನಿಯ ಎಲೆಗಳನ್ನಷ್ಟೇ ನೆಚ್ಚಿಕೊಂಡಿದ್ದರು. ಖಾಲಿ ಹೊಟ್ಟೆಯ ಸಕ್ಕರೆ 248ಕ್ಕೆ ಏರಿತ್ತು. ಮನೆಯಲ್ಲಿ ದಿನವೂ ಮಾತಿಗೆ ಮಾತು ಬೆಳೆಯುತ್ತಿತ್ತು.

ಈ ನಂಬಿಕೆ ಎಲ್ಲಿಂದ ಬಂತೆಂದು ಕೇಳಿದಾಗ ಅವರು ಜೇಬಿನಿಂದ ಪೊಟ್ಟಣ ತೆಗೆದು, ಎರಡು ಎಲೆಗಳನ್ನು ಚೆನ್ನಾಗಿ ಅಗಿದು, ನಾಲಿಗೆಯ ಮೇಲೆ ಚಿಟಿಕೆ ಸಕ್ಕರೆ ಹಾಕಿಕೊಂಡರು. "ಮರಳು ಅಗಿದ ಹಾಗಿದೆ ಮೇಡಂ. ನಾಲಿಗೆಯ ಸಿಹಿಯನ್ನೇ ಕೊಲ್ಲುವ ಎಲೆ ರಕ್ತದ ಸಕ್ಕರೆಯನ್ನು ಬಿಟ್ಟೀತೇ?" ಎಂದರು. ಅವರ ಅನುಭವ ನಿಜವೇ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗ್ರಾಹಕಗಳನ್ನು ಸ್ವಲ್ಪ ಹೊತ್ತು ತಡೆಯುತ್ತವೆ. ಆದರೆ ರುಚಿ ತಿಳಿಯದಿದ್ದರೂ ಆ ಸಕ್ಕರೆ ಹೊಟ್ಟೆ ಸೇರಿ ರಕ್ತಕ್ಕೆ ಇಳಿದೇ ಇಳಿಯುತ್ತದೆ. ಈ ಸೊಪ್ಪು ರಕ್ತದ ಸಕ್ಕರೆಯನ್ನು ತುಸು ತಗ್ಗಿಸಬಹುದೆಂದು ಕೆಲವು ಸಣ್ಣ ಅಧ್ಯಯನಗಳು ಸೂಚಿಸಿದ್ದರೂ, ಅದು ಮಾತ್ರೆಗೆ ಬದಲಿಯಾಗುತ್ತದೆ ಎನ್ನಲು ಆಧಾರವಿಲ್ಲ.

ಎರಡನೆಯ ಭೇಟಿಯಲ್ಲಿ ನಿಜವಾದ ಭಯ ಹೊರಬಂತು. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ಅಣ್ಣ ಕಾಲು ಕಳೆದುಕೊಂಡಿದ್ದರು. ವೈದ್ಯರು ಇವರಿಗೂ "ಮುಂದೆ ಇನ್ಸುಲಿನ್ ಬೇಕಾಗಬಹುದು" ಎಂದ ದಿನವೇ ಮಾತ್ರೆಗಳು ಕಪಾಟು ಸೇರಿದ್ದವು. ಕಾಲಿಗೆ ಕುತ್ತು ತರುವುದು ಇನ್ಸುಲಿನ್ ಅಲ್ಲ, ವರ್ಷಗಟ್ಟಲೆ ಹತೋಟಿ ತಪ್ಪಿದ ಸಕ್ಕರೆ ನರ ಮತ್ತು ರಕ್ತನಾಳಗಳಿಗೆ ಮಾಡುವ ಹಾನಿ ಎಂದು ವಿವರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

ನಾನು ಕೊಟ್ಟ ಸಲಹೆ ಇಷ್ಟು: ಮರುದಿನವೇ ವೈದ್ಯರನ್ನು ಕಂಡು ಮಾತ್ರೆ ಬಿಟ್ಟದ್ದನ್ನೂ ಎಲೆ ತಿನ್ನುತ್ತಿರುವುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು, ಏಕೆಂದರೆ ಅವರಿಗೆ ಬರೆದುಕೊಟ್ಟಿದ್ದ ಗ್ಲಿಮಿಪಿರೈಡ್‌ನಂತಹ ಮಾತ್ರೆಯ ಜೊತೆಗೆ ಈ ಎಲೆಯೂ ಸೇರಿದರೆ ಸಕ್ಕರೆ ಅತಿಯಾಗಿ ಕುಸಿಯುವ ಸಾಧ್ಯತೆಯಿದೆ. ಬೆವರು, ನಡುಕ ಅಥವಾ ತಲೆಸುತ್ತು ಬಂದು ಸಕ್ಕರೆ 70ಕ್ಕಿಂತ ಕೆಳಗಿಳಿದಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಎಲೆ ಅಗಿದ ನಾಲಿಗೆಗೆ ಆ ನೀರು ಸಪ್ಪೆಯೆನಿಸಿದರೂ ಕುಡಿಯಲೇಬೇಕು. ಪತ್ನಿಗೆ ಬೇರೆಯಾಗಿ, ಮಾತ್ರೆ ತೆಗೆದುಕೊಂಡಿರಾ ಎಂದು ಪದೇ ಪದೇ ಕೇಳುವ ಬದಲು ಸಂಜೆ ಇಬ್ಬರೂ ಕೂತು ಅಂದಿನ ಅಂಕಿಯನ್ನು ಪುಸ್ತಕದಲ್ಲಿ ಬರೆಯಿರಿ ಎಂದೆ.

ಬಳ್ಳಿಯನ್ನು ಕೀಳಿಸಿ ಎಂದು ನಾನು ಹೇಳಲಿಲ್ಲ. ಮುಂದಿನ ಭೇಟಿಗೆ ಮೇಷ್ಟ್ರು ಆ ಪುಸ್ತಕವನ್ನು ತಾವೇ ಹಿಡಿದು ಬಂದರು.