ಯಾರೂ ಬೇಟೆಯಾಡದ ರಣಹದ್ದು ಕಾಣೆಯಾದದ್ದೇಕೆ?

ಪ್ರಶ್ನೆ: ಪ್ರಾಣಿಪಕ್ಷಿಗಳು ಅಳಿವಿನಂಚಿಗೆ ಬರಲು ಬೇಟೆ ಮತ್ತು ಕಾಡಿನ ನಾಶ ಕಾರಣವೆಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ರಣಹದ್ದನ್ನು ತಿನ್ನುವವರಾಗಲಿ, ಗರಿಗಾಗಿ ಕೊಲ್ಲುವವರಾಗಲಿ ನಮ್ಮ ಕಡೆ ಇರಲಿಲ್ಲ. ನಾನು ಚಿಕ್ಕವನಿದ್ದಾಗ ಊರಾಚೆ ದನ ಸತ್ತರೆ ಹಿಂಡುಹಿಂಡಾಗಿ ಇಳಿಯುತ್ತಿದ್ದ ಈ ಹಕ್ಕಿ ಈಗ ಏಕೆ ಕಾಣುವುದಿಲ್ಲ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ರಣಹದ್ದನ್ನು ಕೊಂದದ್ದು ದನಗಳಿಗೆ ಕೊಟ್ಟ ಒಂದು ನೋವಿನ ಔಷಧಿ. ಭರತಪುರದ ಕೇವಲಾದೇವ ಉದ್ಯಾನದಲ್ಲಿ ರಣಹದ್ದುಗಳು ಕತ್ತು ಇಳಿಬಿಟ್ಟು ಕುಳಿತು ಒಂದೊಂದಾಗಿ ಸಾಯುತ್ತಿರುವುದನ್ನು 1990ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಗಮನಿಸಿದರು. ಯಾವುದೋ ವೈರಾಣು ತಗುಲಿರಬೇಕೆಂದು ಹಲವರು ಮೊದಲಿಗೆ ಶಂಕಿಸಿದರು. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲ ಕಟ್ಟಿಕೊಂಡಿತ್ತು. ಮೂತ್ರಪಿಂಡಗಳು ಕೆಟ್ಟುಹೋದದ್ದರ ಗುರುತು ಅದು. ಕೆಚ್ಚಲು ಬಾವು, ಜ್ವರ, ಕುಂಟುಗಳಿಗೆ ದನಗಳಿಗೆ ಚುಚ್ಚುತ್ತಿದ್ದ ಡೈಕ್ಲೋಫೆನಾಕ್ ಇದಕ್ಕೆ ಕಾರಣವೆಂದು ಪಾಕಿಸ್ತಾನದಲ್ಲಿ ಕೆಲಸ ಮಾಡಿದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿಕೊಟ್ಟರು. ಚುಚ್ಚುಮದ್ದು ಪಡೆದು ಕೆಲವೇ ದಿನಗಳಲ್ಲಿ ಸತ್ತ ದನದ ಮಾಂಸವನ್ನು ತಿಂದ ಹದ್ದು ಬದುಕುತ್ತಿರಲಿಲ್ಲ. ಭಾರತದಲ್ಲಿ 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಶೇ. 99ಕ್ಕೂ ಹೆಚ್ಚು ಕುಸಿಯಿತು.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇದರ ಮುಂದಿನ ಲೆಕ್ಕದಲ್ಲಿ. ಇಷ್ಟು ದೊಡ್ಡ ಕುಸಿತಕ್ಕೆ ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಪೂರಿತವಾಗಿದ್ದರೂ ಸಾಕು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಒಂದು ಕಳೇಬರಕ್ಕೆ ಹತ್ತಾರು ಹದ್ದುಗಳು ಒಟ್ಟಿಗೆ ಎರಗುವುದರಿಂದ ಒಂದೇ ದನದಿಂದ ಹಿಂಡಿಗೆ ಹಿಂಡೇ ಸಾಯುತ್ತಿತ್ತು ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಈ ಹಕ್ಕಿಯ ಬದುಕಿನ ನಿಧಾನಗತಿ. ಇದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಹುಟ್ಟಿದ ಮರಿ ತಾನು ಮೊಟ್ಟೆಯಿಡುವ ಹೊತ್ತಿಗೆ ಸುಮಾರು ಐದು ವರ್ಷ ಕಳೆದಿರುತ್ತದೆ. ಬಹುಕಾಲ ಬದುಕಿ ಮೆಲ್ಲಮೆಲ್ಲನೆ ಮರಿ ಮಾಡುವ ಇಂಥ ಜೀವಿಗಳಲ್ಲಿ ಬೆಳೆದ ಹಕ್ಕಿಗಳ ಸಾವು ಪ್ರತಿವರ್ಷ ಸ್ವಲ್ಪ ಹೆಚ್ಚಿದರೂ ಹುಟ್ಟು ಅದನ್ನು ತುಂಬಿಕೊಡಲಾರದು. ಇಲಿಯನ್ನು ಮನುಷ್ಯ ಶತಮಾನಗಳಿಂದ ವಿಷವಿಟ್ಟು, ಬೋನಿಟ್ಟು ಕೊಲ್ಲುತ್ತಲೇ ಬಂದಿದ್ದರೂ ಅದು ಅಳಿಯಲಿಲ್ಲ, ಏಕೆಂದರೆ ಸತ್ತಷ್ಟನ್ನು ಅದು ಕೆಲವೇ ತಿಂಗಳಲ್ಲಿ ಹೆತ್ತುಬಿಡುತ್ತದೆ. ಆದ್ದರಿಂದ ಒಂದು ಜೀವಿ ಅಳಿಯುತ್ತದೆಯೇ ಎಂಬುದನ್ನು ಎಷ್ಟು ಸತ್ತವು ಎನ್ನುವುದರ ಜೊತೆಗೆ ಎಷ್ಟು ಬೇಗ ಹುಟ್ಟುತ್ತವೆ ಎನ್ನುವುದನ್ನೂ ಇಟ್ಟು ನೋಡಬೇಕು. ನಮ್ಮ ಪಾಠಗಳಲ್ಲಿ ಈ ಎರಡನೆಯ ಮಾತು ಬಿಟ್ಟುಹೋಗಿರುವುದು ದೊಡ್ಡ ಕೊರತೆಯೆಂದೇ ನನ್ನ ಭಾವನೆ.

ಬಳ್ಳಾರಿ ಸೀಮೆಯ ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಉಳಿದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಕಥೆಯೂ ಬಹುಮಟ್ಟಿಗೆ ಇದೇ. ಹಿಂದೆ ಬೇಟೆಯೂ ಹುಲ್ಲುಗಾವಲಿನ ಉಳುಮೆಯೂ ಅದನ್ನು ಕುಗ್ಗಿಸಿದ್ದವು. ಈಗ ರಾಜಸ್ಥಾನದಲ್ಲಿ ಹೈಟೆನ್ಷನ್ ತಂತಿಗಳಿಗೆ ಡಿಕ್ಕಿ ಹೊಡೆದು ಸಾಯುವ ಕೆಲವೇ ಹಕ್ಕಿಗಳ ನಷ್ಟವನ್ನೂ ಅದು ತಾಳಲಾರದು, ಏಕೆಂದರೆ ಅದೂ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ.

ಪ್ರಶ್ನೆ: ಆ ಔಷಧಿಯನ್ನು ನಿಷೇಧಿಸಿ ಬಹಳ ವರ್ಷಗಳಾದವಲ್ಲ, ಹದ್ದುಗಳು ಏಕೆ ಹೆಚ್ಚಿಲ್ಲ?
– ಅದೇ ಓದುಗರು

ಉತ್ತರ: ಪಶುಗಳಿಗೆ ಡೈಕ್ಲೋಫೆನಾಕ್ ಬಳಸುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ಆದರೆ ಮನುಷ್ಯರಿಗೆಂದು ತಯಾರಾದ ದೊಡ್ಡ ಬಾಟಲಿಗಳು ಅಂಗಡಿಯಿಂದ ಕೊಟ್ಟಿಗೆಗೆ ಬರುತ್ತಲೇ ಇದ್ದವು. ಚುಚ್ಚುಮದ್ದಿನ ಬಾಟಲಿ 3 ಮಿಲಿಲೀಟರ್ ಮೀರಬಾರದೆಂಬ ನಿಯಮ ಬಂದದ್ದು 2015ರಲ್ಲಿ. ಅಷ್ಟರಲ್ಲಿ ಬದಲಿಯಾಗಿ ಬಳಕೆಗೆ ಬಂದ ಕೀಟೊಪ್ರೊಫೆನ್ ಕೂಡ ಹದ್ದಿಗೆ ಮಾರಕವೆಂದು ತಿಳಿಯಿತು. ಅಸಿಕ್ಲೋಫೆನಾಕ್ ಎಂಬ ಇನ್ನೊಂದು ನೋವಿನ ಔಷಧಿ ದನದ ದೇಹದೊಳಗೆ ಹೋಗಿ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ. ಈ ಎರಡನ್ನೂ ಪಶುಚಿಕಿತ್ಸೆಯಲ್ಲಿ ನಿಷೇಧಿಸಲು 2023ರವರೆಗೆ ಕಾಯಬೇಕಾಯಿತು. ಮೆಲಾಕ್ಸಿಕಾಮ್ ಎಂಬ ಸುರಕ್ಷಿತ ಔಷಧಿ ಇರುವಾಗ ಇಷ್ಟು ತಡವಾದದ್ದು ನನಗೆ ಇಂದಿಗೂ ನೋವು ತರುತ್ತದೆ.

ವಿಷ ಪೂರ್ತಿ ನಿಂತ ಮೇಲೂ ಮೊದಲಿನ ಸಂಖ್ಯೆ ಬೇಗನೆ ಮರಳದು. ಬೇಗನೆ ಮರಿ ಮಾಡದಿರುವುದು ಹಕ್ಕಿಯನ್ನು ಕುಸಿಯುವಂತೆ ಮಾಡಿತ್ತಲ್ಲ, ಅದೇ ಗುಣ ಚೇತರಿಕೆಯನ್ನೂ ನಿಧಾನಗೊಳಿಸುತ್ತದೆ. 2012ರಲ್ಲಿ ರಣಹದ್ದು ವನ್ಯಧಾಮವೆಂದು ಘೋಷಿತವಾದ, ರಾಮನಗರದ ಬಳಿಯ ರಾಮದೇವರಬೆಟ್ಟದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಇಂದಿಗೂ ಬೆರಳೆಣಿಕೆಯಷ್ಟೇ ಇವೆ. ಬಂಡೆಯ ಮೇಲೆ ಜನರು ಹತ್ತದಂತೆ ತಡೆಯಬಹುದು, ಆದರೆ ಆಹಾರ ಹುಡುಕಿ ಬಲು ದೂರ ಹಾರುವ ಹಕ್ಕಿ ಯಾವ ಊರಿನ ಕಳೇಬರದ ಮೇಲೆ ಇಳಿಯುತ್ತದೆಂದು ಯಾರು ಕಾಯಬಲ್ಲರು? ನಿಮ್ಮ ಮನೆಯಲ್ಲಿ ಹಸು ಎಮ್ಮೆಗಳಿದ್ದರೆ ಪಶುವೈದ್ಯರನ್ನು ಕೇಳಿ ಮೆಲಾಕ್ಸಿಕಾಮನ್ನೇ ಕೊಡಿಸಿರಿ, ಬೇರೆ ನೋವಿನ ಮದ್ದು ಕೊಟ್ಟ ಮೇಲೆ ದನ ಸತ್ತರೆ ಅದನ್ನು ಬಯಲಿಗೆ ಹಾಕದೆ ಆಳವಾಗಿ ಹೂಳಿಸಿರಿ.